ಡೊಬ್ರಿಂಕಾ ಮೈನಸ್ ಹಾಕಿದ ಪದ

ದಾನ್ಯೂಬ್ ದಡದ ನಮ್ಮ ಸ್ತಾರಿ ಪ್ರಿಸ್ತಾನ್ ಊರಿನ ಆಸ್ಪತ್ರೆಯ ಡಾಕ್ಟರುಗಳಿಗೆ ಒಂದು ಚಾಳಿ. ರೋಗಿಯ ಹೆಸರು ಮರೆತುಬಿಡುತ್ತಾರೆ, ಕಥೆ ಮಾತ್ರ ನೆನಪಿಟ್ಟುಕೊಂಡಿರುತ್ತಾರೆ. ಜೇನು ಸಾಕುವ ಯಾರೋ ಒಬ್ಬ ಪೆನಿಸಿಲಿನ್ ಒಗ್ಗದೆ ಊದಿಕೊಂಡು ಬಂದಿದ್ದನಲ್ಲ, ಅವನ ಚೀಟಿ ಬೇಕು ಅನ್ನುತ್ತಾರೆ. ಯಾವ ವರ್ಷ? ಗೊತ್ತಿಲ್ಲ. ಯಾವ ವಾರ್ಡು? ಮರೆತೆ. ಆಗ ನರ್ಸುಗಳು ನೆಲದ ಕಡೆ ಬೆರಳು ತೋರಿಸುತ್ತಾರೆ. ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕದಲ್ಲಿ, ಡೊಬ್ರಿಂಕಾ ಕೂತಿರುತ್ತಾಳೆ.

ಅವಳ ಕೆಲಸ ಹುಡುಕುವುದು. ಆಸ್ಪತ್ರೆಗೆ ಬಂದುಹೋದವರ ಡಿಸ್ಚಾರ್ಜ್ ಚೀಟಿಗಳೆಲ್ಲ ಡೇಟಾಬೇಸಿನ ಒಂದು ಕೋಷ್ಟಕದಲ್ಲಿ ರಾಶಿ ಬಿದ್ದಿವೆ. ಹೆಸರಿಗೆ, ವಿಳಾಸಕ್ಕೆ, ಹುಟ್ಟಿದ ದಿನಕ್ಕೆ ಅಲ್ಲಿ ಅದರದರ ಜಾಗ ಇದೆ. ಆದರೆ ಕಾಯಿಲೆಯ ನಿಜವಾದ ಸಮಾಚಾರ ಇರುವುದು ಡಾಕ್ಟರು ಬಡಬಡಿಸಿ ನರ್ಸುಗಳು ಟೈಪ್ ಮಾಡಿದ ಉದ್ದುದ್ದ ಬರಹದಲ್ಲಿ. ಆ ಬರಹದೊಳಗೆ ಹುಡುಕಬೇಕಾದರೆ ಪದಗಳಿಗೆ ಗುರುತು ಹಚ್ಚಬೇಕು. ಪದದ ತಲೆಗೆ ಪ್ಲಸ್ ಹಾಕಿದರೆ ಅದು ಇರಲೇಬೇಕು. ಮೈನಸ್ ಹಾಕಿದರೆ ಇರಲೇಬಾರದು. ಕೊನೆಗೊಂದು ನಕ್ಷತ್ರ ಇಟ್ಟರೆ ಪದದ ಬಾಲ ಹೇಗಿದ್ದರೂ ನಡೆಯುತ್ತದೆ. ನಾಲ್ಕು ಪದಗಳನ್ನು ಕಂಸದೊಳಗೆ ಕೂಡಿಹಾಕಿ ಕಂಸದ ತಲೆಗೆ ಪ್ಲಸ್ ಇಟ್ಟರೆ ಆ ನಾಲ್ಕರಲ್ಲಿ ಯಾವುದಾದರೂ ಒಂದು ಸಿಕ್ಕರೆ ಸಾಕು. ಡೊಬ್ರಿಂಕಾ +ಜೇನು* +ಪೆನಿಸಿಲಿನ್* +ಊದಿ* ಎಂದು ಬರೆದು ಗುಂಡಿ ಒತ್ತಿದಳೆಂದರೆ ಜೇನಿನವನು ಎಲ್ಲಿದ್ದರೂ ಎದ್ದು ಬರುತ್ತಿದ್ದ.

"ಈ ಯಂತ್ರಕ್ಕೆ ಬುದ್ಧಿ ಇಲ್ಲ, ಹೇಳಿದ ಮಾತು ಕೇಳುತ್ತೆ ಅಷ್ಟೆ" ಎಂದು ಅವಳು ಬಟ್ಟೆ ಒಗೆಯುವ ಹೆಂಗಸರಿಗೆ ಹೇಳುತ್ತಿದ್ದಳು. "ನನ್ನ ಗಂಡನಿಗೆ ಎರಡೂ ಇರ್ಲಿಲ್ಲ."

ಗಂಡ ಎಂಬವನು ಅವಳ ಬಾಳಿನಲ್ಲಿ ಬಂದುಹೋದದ್ದು ಹಳೆಯ ಮಾತು. ಅದಕ್ಕಿಂತ ಹಳೆಯ ಮಾತು ಅವಳ ಅಪ್ಪನದು. ದಾನ್ಯೂಬ್ ನದಿಯ ಹೂಳೆತ್ತುವ ಹಡಗಿನಲ್ಲಿ ಕೆಲಸಕ್ಕಿದ್ದವನು ಒಂದು ಚಳಿಗಾಲ ನೀರಿಗೆ ಬಿದ್ದು ಹೋದ. ಆಗ ಅವಳಿನ್ನೂ ಶಾಲೆಗೆ ಹೋಗುವ ಹುಡುಗಿ. ಅದೇ ಹಡಗಿನ ಮೆಕ್ಯಾನಿಕ್ ಲ್ಯೂಬೆನ್ ಅವರ ವಠಾರದ ನೆಲಮಹಡಿಯಲ್ಲೇ ಇದ್ದ. ಮಕ್ಕಳಿಲ್ಲದ ಮನುಷ್ಯ. ಯಾರೂ ಹೇಳದೆ, ಯಾರನ್ನೂ ಕೇಳದೆ, ಆ ಹುಡುಗಿಯ ಜವಾಬ್ದಾರಿಯನ್ನು ತೆಗೆದುಕೊಂಡ. ಈಜು ಕಲಿಸಿದ. ನದಿ ಅಪ್ಪನನ್ನು ನುಂಗಿತೆಂದು ನದಿಗೆ ಹೆದರುವ ಹುಡುಗಿಯನ್ನು ಅದೇ ನದಿಗೆ ಇಳಿಸುವುದು ಸಣ್ಣ ಮಾತಲ್ಲ. ಅವಳು ರೂಸೆ ಪಟ್ಟಣಕ್ಕೆ ಹೋಗಿ ಕಂಪ್ಯೂಟರ್ ಕಲಿತದ್ದು ಅವನ ಹಟದಿಂದ. ಅವನ ಹೆಂಡತಿ ವೆಲಿಚ್ಕಾ ಬಾಯಿ ಜೋರಿನ ಹೆಂಗಸು, ಆದರೆ ಡೊಬ್ರಿಂಕಾಳ ತಟ್ಟೆ ಖಾಲಿಯಾಗಲು ಬಿಟ್ಟವಳಲ್ಲ. ಅವಳಿಗೆ ಅವರು ಚಿಕ್ಕಪ್ಪ, ಚಿಕ್ಕಮ್ಮ. ಸ್ವಂತ ಅಮ್ಮ ತೀರಿಕೊಂಡ ಮೇಲೆ ಈ ಲೋಕದಲ್ಲಿ ಅವಳ ಬಳಗ ಅಂದರೆ ಅಷ್ಟೇ.

ಲ್ಯೂಬೆನ್‌ಗೆ ಎಪ್ಪತ್ತು ದಾಟುವ ಹೊತ್ತಿಗೆ ಎದೆಯಲ್ಲಿ ಒಂದು ಡಬ್ಬಿ ಇಟ್ಟರು. ಗುಂಡಿಗೆ ತಾಳ ತಪ್ಪಿದಾಗ ಒಳಗಿನಿಂದಲೇ ಏಟು ಕೊಟ್ಟು ದಾರಿಗೆ ತರುವ ಡಬ್ಬಿ. ನಮ್ಮೂರಲ್ಲಿ ಅದನ್ನು ಗಡಿಯಾರ ಅನ್ನುತ್ತಾರೆ. ಡಬ್ಬಿಯಿಂದ ಗುಂಡಿಗೆಗೆ ಒಂದು ತಂತಿ ಹೋಗುತ್ತದೆ. "ಹಡಗಲ್ಲಿ ನಲವತ್ತು ವರ್ಷ ವೈರಿಂಗ್ ಮಾಡ್ದೆ, ಈಗ ನನಗೇ ವೈರಿಂಗ್ ಮಾಡಿದ್ರು" ಎಂದು ಸಿಕ್ಕಸಿಕ್ಕವರಿಗೆ ಅಂಗಿಯ ಗುಂಡಿ ಬಿಚ್ಚಿ ತೋರಿಸುತ್ತಿದ್ದ. ವೆಲಿಚ್ಕಾ ಬೈದು ಗುಂಡಿ ಹಾಕುತ್ತಿದ್ದಳು.

ಇಂಥದ್ದರಲ್ಲಿ ಒಂದು ವಸಂತದಲ್ಲಿ ಸುದ್ದಿ ಬಂತು. ಒಂದು ಜಾತಿಯ ತಂತಿಯ ಮೇಲ್ಹೊದಿಕೆ ಒಳಗೊಳಗೇ ಬಿರುಕು ಬಿಡುತ್ತಿದೆ. ಬಿರುಕು ಬಿಟ್ಟರೆ ಏಟು ಬೀಳಬೇಕಾದಾಗ ಬೀಳುವುದಿಲ್ಲ. ಆ ತಂತಿ ಯಾರ ಎದೆಯಲ್ಲಿದೆಯೋ ಅವರನ್ನೆಲ್ಲ ಕರೆಸಿ ನೋಡಬೇಕು, ಕೆಟ್ಟಿದ್ದರೆ ಬದಲಿಸಬೇಕು. ಮಾಡಿದ ಕಂಪನಿ ಹೇಳಿಬಿಟ್ಟಿತು, ಮಾಡಬೇಕಾದವರು ಆಸ್ಪತ್ರೆಯವರು. ಹೃದಯ ವಿಭಾಗದ ಮುಖ್ಯಸ್ಥ ಡಾಕ್ಟರ್ ಕಲೋಯಾನೋವ್ ಮೆಟ್ಟಿಲಿಳಿದು ಡೊಬ್ರಿಂಕಾಳ ಕೋಣೆಗೆ ಬಂದ. ಯಾರ ಎದೆಗೆ ಯಾವ ತಂತಿ ಹಾಕಿದೆ ಎಂಬುದಕ್ಕೆ ಕೋಷ್ಟಕದಲ್ಲಿ ಬೇರೆ ಜಾಗ ಇರಲಿಲ್ಲ. ಇದ್ದದ್ದೆಲ್ಲ ಆ ಉದ್ದ ಬರಹದೊಳಗೆ, ಒಬ್ಬೊಬ್ಬ ನರ್ಸು ಒಂದೊಂದು ಥರ ಬರೆದದ್ದು.

"ಹುಡುಕಿ ಕೊಡಮ್ಮ. ಇಲ್ಲದಿದ್ರೆ ಸಾವಿರಾರು ಚೀಟಿ ಕೂತು ಓದ್ಬೇಕು" ಎಂದ.

"ಓದೋರು ಯಾರಿದ್ದಾರೆ ಡಾಕ್ಟ್ರೇ? ನಿಮ್ಮ ನರ್ಸುಗಳೆಲ್ಲ ಕೆಲಸ ಹುಡ್ಕೊಂಡು ಜರ್ಮನಿಗೆ ಹೋದ್ರಲ್ಲ" ಎಂದಳು ಡೊಬ್ರಿಂಕಾ. ಆದರೆ ಮನಸ್ಸಿನೊಳಗೆ ಹಿಗ್ಗಿದಳು. ಇಷ್ಟು ವರ್ಷ ಜೇನಿನವರನ್ನು, ಮೊಣಕಾಲು ಮುರಿದವರನ್ನು ಹುಡುಕಿದ್ದಾಯಿತು. ಇದು ಪ್ರಾಣದ ಕೆಲಸ.

ತಂತಿಯ ಹೆಸರನ್ನು ಯಾರ್ಯಾರು ಹೇಗೆ ಹೇಗೆ ಬರೆದಿದ್ದಾರೆಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದಳು. ನಮ್ಮ ಲಿಪಿಯಲ್ಲಿ ಬರೆದವರು, ಲ್ಯಾಟಿನ್ ಲಿಪಿಯಲ್ಲಿ ಬರೆದವರು, ಬರೀ ನಂಬರು ಬರೆದವರು. ಎಲ್ಲವನ್ನೂ ಒಂದು ಕಂಸದೊಳಗೆ ಕೂಡಿಸಿ ತಲೆಗೆ ಪ್ಲಸ್ ಹಾಕಿದಳು. ಪಟ್ಟಿ ಬಂತು. ಪಟ್ಟಿಯ ಮೊದಲ ಕೆಲವರಿಗೆ ಕಾಗದ ಹೋಯಿತು, ಇಂಥ ದಿನ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದು.

ಆ ಕಾಗದಗಳಲ್ಲಿ ಒಂದು ಸ್ಲಾವ್ಕಾ ಎಂಬವಳ ಮನೆಗೆ ತಲುಪಿತು. ತಲುಪಿದ ದಿನ ಅವಳ ಗಂಡನ ನಲವತ್ತನೆಯ ದಿನದ ಕರ್ಮ. ತಲೆಗೆ ಕಪ್ಪು ಬಟ್ಟೆ ಕಟ್ಟಿಕೊಂಡು, ಒಂದು ಕೈಯಲ್ಲಿ ಕಾಗದ, ಇನ್ನೊಂದು ಕೈಯಲ್ಲಿ ಸಕ್ಕರೆ ಹಾಕಿ ಬೇಯಿಸಿದ ಗೋಧಿಯ ತಟ್ಟೆ ಹಿಡಿದು ಹೆಂಗಸು ನೆಟ್ಟಗೆ ಆಸ್ಪತ್ರೆಗೇ ಬಂದಳು. ಕೇಳಿಕೊಂಡು ಕೇಳಿಕೊಂಡು ನೆಲಮಾಳಿಗೆಗೆ ಇಳಿದಳು.

"ಇದು ಬರೆದೋಳು ನೀನೇನಾ?"

"ಹೌದು, ಏನಾಯ್ತಮ್ಮ?"

"ನನ್ನ ಗಂಡನ್ನ ಖಾಲಿ ಹೊಟ್ಟೇಲಿ ಬರಕ್ಕೆ ಹೇಳಿದ್ದೀಯ. ನಲವತ್ತು ದಿನದಿಂದ ಖಾಲಿ ಹೊಟ್ಟೇಲೇ ಇದ್ದಾನೆ. ಅಗೆದು ಕಳಿಸ್ಲಾ? ಸತ್ತಾಗ ನಾನೇ ಫೋನ್ ಮಾಡಿ ಹೇಳಿದ್ನಲ್ಲ ನಿಮ್ಮ ಮಹಾರಾಣಿಯರಿಗೆ. ಬರ್ಕೊಂಡಿದ್ದೀವಿ ಅಂದ್ರು. ಎಲ್ಲಿ ಬರ್ಕೊಂಡ್ರು, ಗೋಡೆ ಮೇಲಾ?"

ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿ ಹೋದಳು. ಸತ್ತವರ ಹೆಸರಲ್ಲಿ ಕೊಟ್ಟದ್ದನ್ನು ಬೇಡ ಅನ್ನುವ ಹಾಗಿಲ್ಲ. ಡೊಬ್ರಿಂಕಾ "ದೇವರು ಅವನನ್ನು ಕ್ಷಮಿಸಲಿ" ಎಂದು ಆ ಗೋಧಿಯನ್ನೆಲ್ಲ ಒಬ್ಬಳೇ ತಿಂದಳು.

ಆಮೇಲೆ ಆ ಮನುಷ್ಯನ ಚೀಟಿ ತೆಗೆದು ನೋಡಿದಳು. ನಿಜವೇ. ಬರಹದ ತುದಿಯಲ್ಲಿ ಯಾವಳೋ ನರ್ಸು ಟೈಪ್ ಮಾಡಿದ್ದಳು: ಮನೆಯವರು ಫೋನ್ ಮಾಡಿದ್ದರು, ರೋಗಿ ತೀರಿಕೊಂಡಿದ್ದಾರೆ. ಮನೆಯಲ್ಲಿ ಸತ್ತವರ ಲೆಕ್ಕ ಆಸ್ಪತ್ರೆಗೆ ಸಿಗುತ್ತಿದ್ದದ್ದು ಹೀಗೆಯೇ. ಇನ್ನೊಂದು ಮನೆಗೆ ಇಂಥ ಕಾಗದ ಹೋಗಬಾರದು ಎಂದು ಡೊಬ್ರಿಂಕಾ ನಿಶ್ಚಯಿಸಿದಳು. ತನ್ನ ಹುಡುಕಾಟದ ಕೊನೆಗೆ ಒಂದು ಪದ ಸೇರಿಸಿದಳು. -ತೀರಿಕೊಂಡ* ಎಂದು.

ಪಟ್ಟಿ ಸರ್ರನೆ ಇಳಿಯಿತು. ಅಲ್ಲೊಂದು ಇಲ್ಲೊಂದು ತೆರೆದು ಓದಿ ನೋಡಿದಳು. ಯಾರೂ ಸತ್ತವರಿರಲಿಲ್ಲ. ಡಾಕ್ಟರಿಗೆ ಕೊಟ್ಟಳು.

"ಇಷ್ಟೇನಾ?" ಎಂದ ಡಾಕ್ಟರು.

"ಇಷ್ಟೇ" ಎಂದಳು.

"ದೇವರು ದೊಡ್ಡವನು" ಎಂದು ಡಾಕ್ಟರು ಸಹಿ ಹಾಕಿದ. ಕೆಲಸ ಕಡಿಮೆಯಾದರೆ ನಮ್ಮ ಡಾಕ್ಟರುಗಳು ಯಾವಾಗಲೂ ದೇವರನ್ನು ನೆನೆಯುತ್ತಾರೆ.

ಬಲ್ಲವರು ಯಾರಾದರೂ ಪಕ್ಕದಲ್ಲಿದ್ದಿದ್ದರೆ ಆ ಪದವನ್ನು ನೋಡಿ ಎದೆ ಬಡಿದುಕೊಳ್ಳುತ್ತಿದ್ದರು. ಗುಂಡಿಗೆಯ ಕಾಯಿಲೆಯವನು ಆಸ್ಪತ್ರೆಗೆ ಬಂದಾಗ ಮೊದಲು ಕೇಳುವ ಪ್ರಶ್ನೆ ಯಾವುದು? ಅಪ್ಪನಿಗೆ ಈ ಕಾಯಿಲೆ ಇತ್ತಾ, ಅಮ್ಮನಿಗೆ ಇತ್ತಾ. ಅವನು ಹೇಳುತ್ತಾನೆ, ನರ್ಸು ಬರೆಯುತ್ತಾಳೆ: ತಂದೆ ಹೃದಯಾಘಾತದಿಂದ ತೀರಿಕೊಂಡಿದ್ದಾರೆ. ಯಾರು ತೀರಿಕೊಂಡರು ಎಂದು ಯಂತ್ರ ಕೇಳುವುದಿಲ್ಲ. ಪದ ಇದೆಯೋ ಇಲ್ಲವೋ, ಅಷ್ಟೇ ಅದಕ್ಕೆ ಬೇಕಾದದ್ದು. ಬುದ್ಧಿ ಇಲ್ಲ ಎಂದು ಇವಳೇ ಹೇಳುತ್ತಿದ್ದಳಲ್ಲ. ಸಾವಿಲ್ಲದ ಮನೆಯಿಂದ ಸಾಸಿವೆ ತಾ ಎಂದು ಹೇಳಿದ್ದಳು, ಅದು ತಂದುಕೊಟ್ಟಿತು. ಅಪ್ಪ ಅಮ್ಮ ಗಟ್ಟಿಮುಟ್ಟಾಗಿದ್ದವರು, ಮನೆಯ ಸಾವಿನ ಸುದ್ದಿ ಹೇಳದವರು ಪಟ್ಟಿಯಲ್ಲಿ ಉಳಿದರು. ಅಪ್ಪನ ಗುಂಡಿಗೆಯನ್ನೇ ಬಳುವಳಿಯಾಗಿ ಪಡೆದವರು, ಎಲ್ಲರಿಗಿಂತ ಮೊದಲು ಕರೆಸಬೇಕಾದವರು, ಸದ್ದಿಲ್ಲದೆ ಹೊರಬಿದ್ದರು. ಒಳ್ಳೆಯದು ಮಾಡಲು ಹೋದವಳು ಮಾಡಿದ ಕೆಲಸ ಇದು. ಕೆಟ್ಟದ್ದು ಮಾಡಲು ಹೊರಟಿದ್ದರೆ ಇಷ್ಟು ಚೊಕ್ಕಟವಾಗಿ ಮಾಡುತ್ತಿದ್ದಳೋ ಇಲ್ಲವೋ.

ಪಟ್ಟಿಯವರಿಗೆಲ್ಲ ಕಾಗದ ಹೋಯಿತು. ಯಾವ ಸ್ಲಾವ್ಕಾಳೂ ಬರಲಿಲ್ಲ. ಕಾಗದ ಬರದವರು ಮಾತ್ರ ಆಸ್ಪತ್ರೆಗೆ ಫೋನ್ ಮಾಡತೊಡಗಿದರು. ನನಗೂ ಗಡಿಯಾರ ಇದೆ, ನನ್ನದು ಆ ತಂತಿಯಾ? ಮೇಲಿನವರು ಫೋನನ್ನು ನೆಲಮಾಳಿಗೆಗೆ ತಿರುಗಿಸುತ್ತಿದ್ದರು. ಡೊಬ್ರಿಂಕಾ ತಾಳ್ಮೆಯಿಂದ ಹೆಸರು ಕೇಳಿ, ಪಟ್ಟಿ ನೋಡಿ, "ನಿಮ್ಮ ಹೆಸರು ಇಲ್ಲ, ಹೆದರ್ಬೇಡಿ" ಅನ್ನುತ್ತಿದ್ದಳು. ಹೆದರಬೇಡಿ ಎಂಬುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅದು ಅವಳದೇ ಸೇರ್ಪಡೆ.

ಸೆಪ್ಟೆಂಬರ್ ಬಂತು. ನಮ್ಮೂರಿನ ಸೆಪ್ಟೆಂಬರ್ ಅಂದರೆ ಮೆಣಸಿನಕಾಯಿ ಸುಡುವ ಹೊಗೆ. ವಠಾರದ ಮುಂದಿನ ಕಾಲುದಾರಿಯಲ್ಲಿ ಲ್ಯೂಬೆನ್ ಎಂದಿನಂತೆ ಸ್ಟೂಲು ಹಾಕಿಕೊಂಡು, ಕಿಟಕಿಯಿಂದ ವೈರು ಎಳೆದು, ಸುಡುವ ಯಂತ್ರಕ್ಕೆ ಕೆಂಪು ದೊಣ್ಣೆಮೆಣಸು ಇಳಿಬಿಡುತ್ತಿದ್ದ. ವೆಲಿಚ್ಕಾ ಸಿಪ್ಪೆ ಸುಲಿಯುತ್ತಿದ್ದಳು. ಡೊಬ್ರಿಂಕಾ ಬಾಟಲಿ ತುಂಬುತ್ತಿದ್ದಳು.

"ಏನೇ ಹುಡುಗಿ" ಎಂದ ಲ್ಯೂಬೆನ್. ಐವತ್ತು ದಾಟಿದರೂ ಅವನಿಗೆ ಅವಳು ಹುಡುಗಿಯೇ. "ಊರಲ್ಲಿ ಗಡಿಯಾರದವರಿಗೆಲ್ಲ ಕಾಗದ ಬಂತಂತೆ. ನನಗೆ ಬರ್ಲೇ ಇಲ್ಲ. ಪೋಸ್ಟಿನವಳಿಗೆ ನನ್ನ ಮೇಲೆ ಏನಾದ್ರೂ ಸಿಟ್ಟಾ?"

"ಎಲ್ಲರಿಗೂ ಬರಲ್ಲ ಚಿಕ್ಕಪ್ಪ. ಆ ಜಾತಿ ತಂತಿ ಇದ್ದೋರಿಗೆ ಮಾತ್ರ. ಗಡಿಯಾರ ಇಟ್ಟಾಗ ಕೊಟ್ಟ ಕಾರ್ಡಲ್ಲಿ ಬರೆದಿರುತ್ತಲ್ಲ, ಯಾವುದೂಂತ."

"ಕಾರ್ಡಾ? ಇವಳು ಒಗೆದುಹಾಕಿದ್ಲು. ಅಂಗೀನೂ ಬೆಳ್ಳಗಾಯ್ತು, ಕಾರ್ಡೂ ಬೆಳ್ಳಗಾಯ್ತು."

"ಜೇಬಲ್ಲಿ ಇಟ್ಟೋರು ಯಾರು, ನಾನಾ?" ಎಂದಳು ವೆಲಿಚ್ಕಾ. "ಈ ಮನುಷ್ಯನ ಜೇಬಲ್ಲಿ ಮೀನಿನ ಗಾಳ ಸಿಕ್ಕಿ ನನ್ನ ಬೆರಳು ಹರಿದುಹೋಗಿತ್ತು ಗೊತ್ತಾ? ಅದಿರ್ಲಿ, ನಿನ್ನ ಚಿಕ್ಕಪ್ಪನ್ನ ಸ್ವಲ್ಪ ಕೇಳು. ಮೊನ್ನೆಯಿಂದ ಎದೆಯೊಳಗೆ ಏನೋ ಮೀನು ಮಿಸುಕಾಡಿದ ಹಾಗಾಗುತ್ತೆ ಅಂತಾರೆ. ಸೋಮವಾರ ಡಾಕ್ಟ್ರ ಹತ್ರ ಹೋಗಿ ಅಂದ್ರೆ ಮುಖ ಗಂಟು ಹಾಕ್ತಾರೆ."

"ಹೋಗ್ತೀನಿ ಅಂದ್ನಲ್ಲೇ. ಮೊದಲು ನಮ್ಮ ಹುಡುಗಿ ನೋಡಿ ಹೇಳ್ಲಿ."

"ನಾಳೆ ನೋಡಿ ಹೇಳ್ತೀನಿ ಚಿಕ್ಕಪ್ಪ" ಎಂದಳು ಡೊಬ್ರಿಂಕಾ.

ನೋಡಿದಳು. ಪಟ್ಟಿಯಲ್ಲಿ ಲ್ಯೂಬೆನ್ ಹೆಸರಿರಲಿಲ್ಲ. ಅವನ ಚೀಟಿಯನ್ನೇ ನೇರವಾಗಿ ತೆರೆದು ಓದಬಹುದಿತ್ತು. ತೆರೆಯಲಿಲ್ಲ. ಪರಿಚಯದವರ ಚೀಟಿಯನ್ನು ಡಾಕ್ಟರು ಹೇಳದೆ ತೆರೆಯಕೂಡದು ಎಂಬ ನಿಯಮವೊಂದಿತ್ತು. ಆದರೆ ನಿಯಮದ ಮಾತು ನೆಪ. ನಿಜ ಹೇಳಬೇಕೆಂದರೆ ಅವಳಿಗೆ ತನ್ನ ಹುಡುಕಾಟದ ಮೇಲೆ ಅಷ್ಟು ನಂಬಿಕೆ. ತಾನು ಹುಡುಕಿದ್ದು ಸಿಗಲಿಲ್ಲ ಅಂದರೆ ಅದು ಇಲ್ಲ ಎಂದೇ ಅವಳ ಲೆಕ್ಕ. ಸಿಗಲಿಲ್ಲ ಎಂಬುದಕ್ಕೂ ಇಲ್ಲ ಎಂಬುದಕ್ಕೂ ನಡುವೆ ಒಬ್ಬ ಮನುಷ್ಯನನ್ನು ಹೂಳುವಷ್ಟು ಜಾಗ ಇರುತ್ತದೆ. ಆ ಜಾಗ ಅವಳಿಗೆ ಆಗ ಕಾಣಲಿಲ್ಲ.

ಸಂಜೆ ಮೆಟ್ಟಿಲ ಬಳಿಯೇ ಕೂಗಿ ಹೇಳಿದಳು. "ಚಿಕ್ಕಪ್ಪ, ನೀವು ಪಟ್ಟೀಲಿಲ್ಲ! ನಿಮ್ಮ ತಂತಿ ಚೆನ್ನಾಗಿದೆ!"

"ಪಟ್ಟಿ ಮಾಡಿದೋರು ಯಾರು?"

"ಇನ್ಯಾರು? ನಾನೇ."

"ಹಾಗಾದ್ರೆ ಮುಗೀತು" ಎಂದ ಲ್ಯೂಬೆನ್, ಒಳಗೆ ತಿರುಗಿ. "ಕೇಳಿಸ್ತೇನೇ ವೆಲಿಚ್ಕಾ? ರಕಿಯಾ ತೆಗಿ. ಸೋಮವಾರ ನಾನು ಡಾಕ್ಟ್ರ ಹತ್ರ ಹೋಗಲ್ಲ, ಮೀನು ಹಿಡಿಯಕ್ಕೆ ಹೋಗ್ತೀನಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಡೊಬ್ರಿಂಕಾಳೂ ಆ ಹಣ್ಣಿನ ಸಾರಾಯಿ ಒಂದು ಲೋಟ ಕುಡಿದಳು.

ಅಕ್ಟೋಬರಿನ ಒಂದು ಬೆಳಗ್ಗೆ ಲ್ಯೂಬೆನ್ ಅಡುಗೆಮನೆಯಲ್ಲಿ ರೊಟ್ಟಿ ಕೊಯ್ಯುತ್ತಿದ್ದವನು ಬಗ್ಗಿದ. ಚಾಕು ಬಿದ್ದಿರಬೇಕು, ಎತ್ತಿಕೊಳ್ಳಲು ಬಗ್ಗಿದ್ದಾರೆ ಎಂದುಕೊಂಡು ವೆಲಿಚ್ಕಾ ಕಾಫಿಯ ಕಡೆ ತಿರುಗಿದಳು. ಅವನು ಏಳಲಿಲ್ಲ. ಕೆಲಸ ಮುಗಿಸಿ ಡೊಬ್ರಿಂಕಾ ಬಂದಾಗ ವಠಾರದ ಬಾಗಿಲಿನ ಗಾಜಿಗೆ ಕಪ್ಪು ಅಂಚಿನ ಸಾವಿನ ಚೀಟಿ ಅಂಟಿಸಿದ್ದರು. ಗೋಂದು ಇನ್ನೂ ಹಸಿಯಾಗಿತ್ತು. ಫೋಟೋದಲ್ಲಿ ಚಿಕ್ಕಪ್ಪ ಹಡಗಿನ ಟೋಪಿ ಹಾಕಿಕೊಂಡು ನಗುತ್ತಿದ್ದ. ಅವಳು ಬಾಗಿಲ ಹಿಡಿ ಹಿಡಿದುಕೊಂಡು ನಿಂತಲ್ಲೇ ನಿಂತಳು. ಹಿಂದೆ ಬಂದ ಮೂರನೆಯ ಮಹಡಿಯವರು ಅವಳನ್ನು ಸರಿಸಿ ಒಳಗೆ ಹೋಗಬೇಕಾಯಿತು.

ಆಗಿನ್ನೂ ಅದು ಬರೀ ದುಃಖ. ದುಃಖವನ್ನು ಹೊರಬಹುದು. ಮಣ್ಣು ಮಾಡಿದ ಮಾರನೆಯ ದಿನ ಡಾಕ್ಟರ್ ಕಲೋಯಾನೋವ್ ನೆಲಮಾಳಿಗೆಗೆ ಬಂದ. ಹೂಳುವುದಕ್ಕೆ ಮುಂಚೆ ತೆಗೆದ ತಂತಿ ಅವನ ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗಿತ್ತು.

"ನಿಮ್ಮ ವಠಾರದ ಲ್ಯೂಬೆನ್‌ದು. ಅದೇ ತಂತಿ. ಬಿರುಕು ಬಿಟ್ಟಿದೆ, ಏಟು ಬಿದ್ದೇ ಇಲ್ಲ. ಇವರು ಪಟ್ಟೀಲಿ ಯಾಕಿಲ್ಲ?"

ಡೊಬ್ರಿಂಕಾ ಲ್ಯೂಬೆನ್‌ನ ಚೀಟಿ ತೆರೆದಳು. ತಂತಿಯ ಹೆಸರು ಸ್ವಚ್ಛವಾಗಿ ಬರೆದಿತ್ತು. ಮೇಲಿಂದ ಓದುತ್ತಾ ಬಂದಳು. ತಂದೆ, ಹಡಗು ಕಾರ್ಮಿಕ, ಹೃದಯಾಘಾತದಿಂದ ತೀರಿಕೊಂಡಿದ್ದಾರೆ. ಡಾಕ್ಟರಿಗೆ ಉತ್ತರ ಹೇಳದೆ ತನ್ನ ಹುಡುಕಾಟವನ್ನು ತೆರೆದು, ಆ ಮೈನಸ್ಸನ್ನೂ ಅದರ ಪದವನ್ನೂ ಅಳಿಸಿ, ಗುಂಡಿ ಒತ್ತಿದಳು. ಹೆಸರುಗಳು ಪರದೆ ತುಂಬಿ ಕೆಳಕ್ಕೆ ಹರಿದವು. ಕಾಗದ ಹೋದವರಿಗಿಂತ ಹೋಗದವರೇ ಹೆಚ್ಚಿದ್ದರು. ಎಷ್ಟೋ ಹೆಸರುಗಳು ಫೋನಿನಲ್ಲಿ ಕೇಳಿದ ಹೆಸರುಗಳು. ಲೂಕಾ, ಫಿಟ್ಟರ್. ಪರ್ವಾನ್, ಬಡಗಿ, ಕಿವಿ ಮಂದ. ಹೆಸರು ಇಲ್ಲ, ಹೆದರ್ಬೇಡಿ ಎಂದು ಕಿರುಚಿ ಹೇಳಿದ್ದಳು ಅವನಿಗೆ.

"ನಾನು ಮಾಡಿದ್ದು ಡಾಕ್ಟ್ರೇ" ಎಂದಳು.

ಡಾಕ್ಟರು ಪರದೆಯನ್ನು ನೋಡಿದ, ಅವಳನ್ನು ನೋಡಿದ. "ನಾನೂ ಸಹಿ ಹಾಕಿದ್ದೆ" ಎಂದು ಗೋಡೆ ಹಿಡಿದುಕೊಂಡು ಕೂತ. ಅಷ್ಟರಮಟ್ಟಿಗೆ ಆ ಮನುಷ್ಯ ಮನುಷ್ಯನೇ.

ಆಸ್ಪತ್ರೆಯ ನಿರ್ದೇಶಕಿ ಸಭೆ ಕರೆದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂಥ ಸಭೆ. "ತಾಂತ್ರಿಕ ದೋಷ" ಎಂಬ ಮಾತನ್ನು ಅವಳು ಚಹಾಕ್ಕೆ ಸಕ್ಕರೆ ಹಾಕಿದಂತೆ ಪ್ರತಿ ವಾಕ್ಯಕ್ಕೂ ಹಾಕಿದಳು. ಹೊಸ ಕಾಗದ ಹೋಗಬೇಕು ನಿಜ, ಆದರೆ ವಕೀಲರು ಓದಿದ ಮೇಲೆ. ಅಲ್ಲಿಯವರೆಗೆ ಯಾರೂ ಯಾರಿಗೂ ಬಾಯಿ ಬಿಡಕೂಡದು.

"ಅಷ್ಟರಲ್ಲಿ ಯಾರಾದ್ರೂ ಸತ್ರೆ?" ಎಂದು ಕೇಳಿದಳು ಡೊಬ್ರಿಂಕಾ.

"ನೀವು ಈಗ ಪ್ರಶ್ನೆ ಕೇಳೋ ಜಾಗದಲ್ಲಿಲ್ಲ" ಎಂದಳು ನಿರ್ದೇಶಕಿ. ಅದೂ ಸುಳ್ಳಲ್ಲ.

ಸಭೆ ಮುಗಿಸಿಕೊಂಡು ಅವಳು ನೇರವಾಗಿ ವೆಲಿಚ್ಕಾಳ ಮನೆಗೆ ಹೋದಳು. ಕಾಲು ಎಳೆದುಕೊಂಡು ಹೋದಳು ಅನ್ನಬೇಕು. ವೆಲಿಚ್ಕಾ ಕಪ್ಪು ಬಟ್ಟೆಯಲ್ಲಿ ಅಡುಗೆಮನೆಯಲ್ಲಿ ಕೂತಿದ್ದಳು. ಇವಳನ್ನು ಕಂಡದ್ದೇ ಎದ್ದು ಸೂಪು ಬಿಸಿಗಿಟ್ಟಳು.

"ಬಾ ಮಗಳೇ. ಊಟ ಮಾಡಿದ್ಯಾ? ನಾನು ಈಗಷ್ಟೇ ನಿನ್ನ ನೆನೆಸ್ಕೊಂಡೆ. ನೀನು ತಂತಿ ಚೆನ್ನಾಗಿದೆ ಅಂದ್ಮೇಲೆ ಅವರು ಹೇಗಾಗಿಬಿಟ್ರು ಅಂತೀಯ! ಮಗು ಹಾಗೆ ನಿದ್ದೆ ಮಾಡೋರು. ಅದಕ್ಕೆ ಮುಂಚೆ ಎಷ್ಟು ಹೆದರ್ಕೊಂಡಿದ್ರು ನನಗೆ ಮಾತ್ರ ಗೊತ್ತು. ಕೊನೇ ಒಂದು ತಿಂಗಳು ನೆಮ್ಮದಿಯಾಗಿ ಕಳೆದ್ರು, ನಿನ್ನಿಂದ."

ಡೊಬ್ರಿಂಕಾ ಕೂರಲಿಲ್ಲ. ನಿಂತುಕೊಂಡೇ ಹೇಳಿದಳು. ಪ್ಲಸ್ಸು, ಕಂಸ ಯಾವುದನ್ನೂ ಹೇಳಲಿಲ್ಲ. "ಚಿಕ್ಕಮ್ಮ, ತಂತಿ ಕೆಟ್ಟಿತ್ತು. ಅದೇ ತಂತಿ. ಸತ್ತವರ ಮನೆಗೆ ಕಾಗದ ಹೋಗ್ಬಾರ್ದು ಅಂತ, ತೀರಿಕೊಂಡಿದ್ದಾರೆ ಅನ್ನೋ ಮಾತು ಯಾರ ಚೀಟೀಲಿದೆಯೋ ಅವರನ್ನೆಲ್ಲ ಬಿಟ್ಟುಬಿಡು ಅಂತ ಯಂತ್ರಕ್ಕೆ ಹೇಳ್ದೆ. ಚಿಕ್ಕಪ್ಪನ ಚೀಟೀಲಿ ಅವರಪ್ಪ ತೀರಿಕೊಂಡಿದ್ದು ಬರೆದಿತ್ತು. ಅದಕ್ಕೆ ಅವರನ್ನೂ ಬಿಟ್ಟುಬಿಡ್ತು. ಡಾಕ್ಟ್ರ ಹತ್ರ ಹೋಗ್ತೀನಿ ಅಂದೋರನ್ನ ನಾನು ತಡೆದೆ."

ಸೂಪು ಕುದಿಯತೊಡಗಿತು. ವೆಲಿಚ್ಕಾ ಒಲೆ ಆರಿಸಿದಳು. ಬೈಯಲಿ ಎಂದು ಡೊಬ್ರಿಂಕಾ ಕಾದಳು. ತಟ್ಟೆ ಎತ್ತಿ ಮುಖಕ್ಕೆ ಎಸೆಯಲಿ ಎಂದು ಕಾದಳು. ಅದಾಗಿದ್ದರೆ ಬದುಕಿಕೊಳ್ಳುತ್ತಿದ್ದಳು.

"ಅವರ ಹಾಗೆ ಇನ್ನೂ ಎಷ್ಟು ಜನಕ್ಕೆ ಹೇಳಿದ್ದೀಯ?" ಎಂದು ಕೇಳಿದಳು ವೆಲಿಚ್ಕಾ.

"ಕೇಳಿದವರಿಗೆಲ್ಲ."

"ಮತ್ತೆ ಇಲ್ಲಿ ಯಾಕೆ ನಿಂತಿದ್ದೀಯ?" ಬಾಗಿಲು ತೆರೆದು ಹಿಡಿದಳು. ಇವಳು ದಾಟಿದ ಮೇಲೆ ಮೆಲ್ಲಗೆ ಮುಚ್ಚಿದಳು. ಆ ಬಾಗಿಲು ಡೊಬ್ರಿಂಕಾಳಿಗೆ ಮತ್ತೆ ತೆರೆಯಲಿಲ್ಲ.

ಮಾರನೆಯ ದಿನ ಶನಿವಾರ. ಮೇಲಿನವರಿಗೆಲ್ಲ ರಜೆ. ಡೊಬ್ರಿಂಕಾ ಬೆಳಗ್ಗೆಯೇ ನೆಲಮಾಳಿಗೆಗೆ ಹೋಗಿ ಫೋನ್ ಹಿಡಿದು ಕೂತಳು. ಕೆಲಸ ಹೋದರೆ ಹೋಗಲಿ. ಪರ್ವಾನ್‌ನಿಂದ ಶುರು ಮಾಡಿದಳು.

"ಬೇಸಿಗೇಲಿ ಇಲ್ಲ ಅಂದ್ರಿ. ಈಗ ಇದೆ ಅಂತೀರಿ" ಎಂದು ಬಡಗಿ ನಕ್ಕ. "ನಾಳೆ ಇನ್ನೇನಂತೀರೋ! ನಿಮ್ಮ ತಮಾಷೆಗೆ ನಾನು ಎರಡು ಬಸ್ಸು ಹತ್ತಿ ಬರ್ಬೇಕಾ? ಇಡಮ್ಮ ಫೋನು."

"ಅವತ್ತು ಹೇಳಿದ್ದು ತಪ್ಪು. ಇವತ್ತು ಹೇಳ್ತಿರೋದು ನಿಜ."

"ಅವತ್ತೂ ಹೀಗೇ ಗಟ್ಟಿಯಾಗಿ ಹೇಳಿದ್ರಿ."

ಏನು ಹೇಳಿದರೂ ಬಡಗಿ ನಂಬಲಿಲ್ಲ. ಕೊನೆಗೆ ಡೊಬ್ರಿಂಕಾ, ಮೊನ್ನೆ ಲ್ಯೂಬೆನ್ ಎಂಬವರು ಸತ್ತರು, ಅವರಿಗೂ ಇದೇ ತಂತಿ ಇತ್ತು, ಅವರೂ ಕೇಳಿದ್ದರು ಎಂದಳು.

"ಅವರಿಗೆ ಇಲ್ಲ ಅಂದೋರು ಯಾರು?"

"ನಾನೇ. ನನ್ನನ್ನ ಸಾಕಿದವರು ಅವರು."

ಬಡಗಿ ತಗ್ಗಿದ ದನಿಯಲ್ಲಿ "ಸೋಮವಾರ ಬಸ್ಸು ಎಷ್ಟೊತ್ತಿಗಿದೆ ನೋಡ್ತೀನಿ" ಎಂದ.

ಆ ಮೇಲಿನ ಫೋನುಗಳಲ್ಲೂ ಹಾಗೇ ಆಯಿತು. ಆ ಒಂದು ಮಾತು ಹೇಳುವವರೆಗೆ ಯಾರೂ ಬರಲು ಒಪ್ಪುತ್ತಿರಲಿಲ್ಲ. ಹಾಗಾಗಿ ಅವಳು ಅದರಿಂದಲೇ ಶುರು ಮಾಡತೊಡಗಿದಳು. ಹಲೋ ಅಂದಕೂಡಲೇ ಲ್ಯೂಬೆನ್‌ನ ಸಾವನ್ನು ಹೇಳಬೇಕು, ತಾನು ಹೇಳಿದ ಮಾತನ್ನು ಹೇಳಬೇಕು, ಆ ಮೇಲೆ ಇನ್ನೊಂದು ಫೋನು. ನಾಲಿಗೆ ಒಣಗಿತು. ಅಭ್ಯಾಸವಾಗಿ ಹಗುರಾಗುತ್ತದೆ ಎಂದುಕೊಂಡಿದ್ದಳು, ಆಗಲಿಲ್ಲ.

ಮೈನಸ್ಸನ್ನು ಅಳಿಸಿದ ಪಟ್ಟಿಯಲ್ಲಿ ಬದುಕಿದವರೂ ಸತ್ತವರೂ ಕಲೆತುಹೋಗಿದ್ದರು. ಚೀಟಿಯ ತುದಿಯಲ್ಲಿ ಸಾವು ಬರೆದಿದ್ದವರನ್ನು ಈ ಸಲ ಒಂದೊಂದಾಗಿ ಕಣ್ಣಿನಿಂದಲೇ ಓದಿ ಬಿಟ್ಟಿದ್ದಳು. ಆದರೆ ಎಲ್ಲರ ಮನೆಯವರೂ ಆಸ್ಪತ್ರೆಗೆ ಫೋನ್ ಮಾಡಿ ತಿಳಿಸುವುದಿಲ್ಲವಲ್ಲ. ಯಾವ ಮನೆಯಲ್ಲಿ ಯಾರಿದ್ದಾರೆ, ಯಾರಿಲ್ಲ, ಕೇಳಿಯೇ ತಿಳಿಯಬೇಕು. ಮಧ್ಯಾಹ್ನದ ಹೊತ್ತಿಗೆ ಸ್ವೆತೊಜಾರ್ ಎಂಬ ಹೆಸರಿಗೆ ಬಂದಳು. ಒಬ್ಬ ಮುದುಕಿ ಫೋನ್ ತೆಗೆದಳು.

"ಅವರು ಆಗಸ್ಟಲ್ಲೇ ಹೋದ್ರಮ್ಮ. ಯಾರು ನೀವು?"

ಡೊಬ್ರಿಂಕಾ ಆಸ್ಪತ್ರೆಯ ಹೆಸರು ಹೇಳಿದಳು. ತಂತಿಯ ವಿಷಯ ಹೇಳಿದಳು.

"ತಂತಿನಾ?" ಎಂದಳು ಮುದುಕಿ. "ಆದ್ರೆ ನಾವು ಕೇಳಿದ್ವಲ್ಲ. ನಾನೇ ಫೋನ್ ಮಾಡಿದ್ದೆ. ಒಬ್ಬ ಹೆಂಗಸು, ಎಷ್ಟು ಒಳ್ಳೇ ಮಾತು ಅವಳದು, ನಿಧಾನವಾಗಿ ನೋಡಿ ಇಲ್ಲಮ್ಮ, ಹೆದರ್ಬೇಡಿ ಅಂದ್ಲು. ನಾವಿಬ್ರೂ ಕೂತು ಅತ್ತುಬಿಟ್ವಿ, ಸಂತೋಷಕ್ಕೆ. ಆ ಭಾನುವಾರ ಚರ್ಚಿಗೆ ಹೋಗಿ ಅವಳ ಆಯುಸ್ಸಿಗೆ ಅಂತ ಒಂದು ಮೇಣದಬತ್ತಿ ಹಚ್ಚಿ ಬಂದೆ. ಪಾದ್ರಿ ಹೆಸರು ಕೇಳಿದ್ರು, ನನಗೆ ಗೊತ್ತಿರ್ಲಿಲ್ಲ. ನೀವು ಅಲ್ಲೇ ಇರೋದಲ್ವಾ? ಏನಮ್ಮ ಅವಳ ಹೆಸರು?"

"ಡೊಬ್ರಿಂಕಾ" ಎಂದಳು ಡೊಬ್ರಿಂಕಾ.